ನಾಲ್ಕು ಹತ್ತರ ಡಿಸ್ಕು

ನನ್ನ ಅಂಗಡಿಯ ಹಿಂಬದಿಯಲ್ಲಿ, ಕೆಟ್ಟ ಮಿಕ್ಸರ್‌ಗಳ ಕಪಾಟಿಗೂ ಗೋಡೆಗೂ ನಡುವೆ ಒಂದು ಮೇಜು ಹಿಡಿಯುವಷ್ಟು ಜಾಗವಿದೆ. ಆ ಜಾಗವನ್ನು ರಾಮಾ ಹರಿಕಂತ್ರನಿಗೆ ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟಿದ್ದೇನೆಂದು ಅಂಕೋಲೆಯ ಪೇಟೆಯಲ್ಲಿ ನನಗೆ ಒಳ್ಳೆಯ ಹೆಸರು. ಅವನು ರಿಪೇರಿ ಮಾಡುವ ಕಂಪ್ಯೂಟರಿಗೆ ಬೇಕಾದ ಸಾಮಾನೆಲ್ಲ ನನ್ನ ಅಂಗಡಿಯಿಂದಲೇ ಹೋಗಬೇಕೆಂಬ ಕರಾರು ಮಾತ್ರ ಪೇಟೆಗೆ ಅಷ್ಟಾಗಿ ಗೊತ್ತಿಲ್ಲ.

ರಾಮಾ ಬೊಬ್ರುವಾಡದವನು. ಹದಿನೆಂಟು ವರ್ಷ ಟ್ರಾಲರ್ ಬೋಟಿನಲ್ಲಿ ಇಂಜಿನ್ ನೋಡಿಕೊಂಡವನು. ಮಳೆಗಾಲದಲ್ಲಿ ಬೋಟುಗಳು ದಡಕ್ಕೆ ಬಿದ್ದಾಗ ಉಳಿದವರು ಬಲೆ ಹೊಲಿಯುತ್ತಾ ಇಸ್ಪೀಟು ಆಡುತ್ತಾ ಕೂತರೆ, ಇವನು ಕಾರವಾರದ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ಬಿಚ್ಚುವುದನ್ನು ನೋಡುತ್ತಾ ಕೂತ. ಮೂರು ಮಳೆಗಾಲ ಹಾಗೆ ನೋಡಿದ. ನಾಲ್ಕನೆಯದರ ಹೊತ್ತಿಗೆ ಸೊಂಟ ಹಿಡಿದುಕೊಂಡು, ಬೋಟು ಹತ್ತುವುದು ಬೇಡವೆಂದು ಡಾಕ್ಟರು ಹೇಳಿದರು. ಬೋಟಿನಿಂದ ಅವನು ಇಳಿಸಿಕೊಂಡು ಬಂದದ್ದು ಒಂದೇ ಸಾಮಾನು. ಮರದ ಹಿಡಿಯ, ಮೊಳದುದ್ದದ ಸ್ಕ್ರೂಡ್ರೈವರ್.

ಬೋಟಿನ ಇಂಜಿನ್ ಕೆಮ್ಮತೊಡಗಿದರೆ ಡ್ರೈವರುಗಳು ಹೀಗೆ ಮಾಡುತ್ತಾರೆ: ಸ್ಕ್ರೂಡ್ರೈವರಿನ ಮೊನೆಯನ್ನು ಇಂಜಿನಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಳ್ಳುತ್ತಾರೆ. ಯಾವ ಸಿಲಿಂಡರ್ ಸೋತಿದೆ ಎಂಬುದು ಕಿವಿಗೆ ಬಂದು ಹೇಳುತ್ತದೆ. ರಾಮಾ ಕಂಪ್ಯೂಟರಿಗೂ ಅದನ್ನೇ ಮಾಡಿದ. ಹಾರ್ಡ್ ಡಿಸ್ಕಿನ ಬೆನ್ನಿಗೆ ಮೊನೆ ತಾಗಿಸಿ, ಕಣ್ಣು ಮುಚ್ಚಿ, ಡಾಕ್ಟರರಿಗಿಂತ ಹೆಚ್ಚು ಹೊತ್ತು ಕೇಳುತ್ತಿದ್ದ. ಗಿರಾಕಿಗಳು ಮೊದಮೊದಲು ನಕ್ಕರು. ‘ಇದು ನಾಳೆ ನಾಡಿದ್ದು ಸಾಯ್ತದೆ, ಇವತ್ತೇ ಎಲ್ಲ ಸಿಡಿಗೆ ಹಾಕ್ಕಣಿ’ ಎಂದು ಅವನು ಹೇಳಿದ ಡಿಸ್ಕುಗಳು ಹೇಳಿದ ದಿನಕ್ಕೆ ಸರಿಯಾಗಿ ಸತ್ತಾಗ ನಗು ನಿಂತಿತು.

ಅವನ ಹೆಂಡತಿ ದುರ್ಗಿ ಪೇಟೆಯಲ್ಲಿ ಮೀನು ಮಾರುತ್ತಾಳೆ. ಬುಟ್ಟಿ ಖಾಲಿಯಾದ ಮೇಲೆ ಅಂಗಡಿಗೆ ಬಂದು, ಬಾಗಿಲಲ್ಲೇ ನಿಂತು ನನಗೆ ದೂರು ಹೇಳುತ್ತಿದ್ದಳು.

“ನೋಡಿ ಶೇಟ್ರೆ, ನಾ ಒಂದು ಮಾತು ಹೇಳಿದ್ರೆ ಇವಂಗೆ ಕೇಳೂದಿಲ್ಲ. ಡಬ್ಬಿ ಹೇಳಿದ್ದು ಮಾತ್ರ ಚಂದಾಗಿ ಕೇಳ್ತದೆ.”

“ನಿನ್ನ ಬೆನ್ನಿಗೂ ಸ್ಕ್ರೂಡ್ರೈವರ್ ಹಿಡೀಲಿ ಅಂತಿಯೇನೇ?” ಎಂದೆ ನಾನು.

“ಹಿಡದ್ರೆ ಕಿವಿ ಒಡದು ಹೋಗೂದು ಅವಂದೇ!”

ರಾಮಾ ತಲೆ ಎತ್ತದೆ ನಗುತ್ತಿದ್ದ. ಅವನು ಮಾತು ಕಡಿಮೆಯ ಮನುಷ್ಯ. ಯಂತ್ರ ಕೆಟ್ಟಿದೆ ಎಂದು ಹೇಳುತ್ತಲೇ ಇರಲಿಲ್ಲ. ‘ದಣಿದಿದೆ’ ಎನ್ನುತ್ತಿದ್ದ.

2006ರ ನವೆಂಬರಿನಲ್ಲಿ ಕಿನ್ನರ ಎಂಬ ಊರಿನಿಂದ ಒಂದು ಫೋನು ಬಂತು. ವಿಕಾಸನ ಹೆಂಡತಿ ಅಮಿತಾ. ವಿಕಾಸ ನನ್ನ ಹಳೆಯ ಗಿರಾಕಿ. ಕಾಳಿ ನದಿಯ ದಡದ ಊರಿನಿಂದ ಅಂಕೋಲೆಯವರೆಗೆ ಬಂದು ಕಂಪ್ಯೂಟರ್ ಕೊಂಡವನು. ಅಮಿತಾಳ ತವರು ಇಲ್ಲಿಯೇ. ವಿಕಾಸ ಎರಡು ದಿನ ಚೌಕಾಶಿ ಮಾಡಿ, ಕೊನೆಗೆ ಒಂದು ಮೌಸ್ ಪ್ಯಾಡನ್ನು ಪುಕ್ಕಟೆ ಕೇಳಿದ. ನಾನು ಕೊಡಲಿಲ್ಲ. ‘ಶೇಟ್ರೆ, ನಿಮ್ಮ ಕೈಯಿಂದ ಪುಕ್ಕಟೆ ನೀರೂ ಇಳಿಯೂದಿಲ್ಲ’ ಎಂದು ಎಲ್ಲರೆದುರು ನಗಾಡಿ ಹೋದ. ಆಮೇಲೆ ಊರಿನ ನಾಲ್ಕು ಮನೆಗೆ ನನ್ನಿಂದಲೇ ಕಂಪ್ಯೂಟರ್ ಕೊಡಿಸಿದ. ಅಂಥ ಗಿರಾಕಿ ಆ ವರ್ಷದ ಜೂನಿನಲ್ಲಿ, ಫ್ಯಾಕ್ಟರಿಯಲ್ಲಿ ಬೆಳಗಿನ ಪಾಳಿಯಲ್ಲಿದ್ದಾಗಲೇ ಎದೆ ಹಿಡಿದು ಹೋಗಿಬಿಟ್ಟ. ಮೂವತ್ತೆಂಟು ವರ್ಷ.

“ಕಂಪ್ಯೂಟರ್ ಬಾಳ ನಿಧಾನ ಆಗಿದೆ” ಎಂದಳು ಅಮಿತಾ ಫೋನಿನಲ್ಲಿ. “ಲಗ್ನಪತ್ರಿಕೆ ಟೈಪು ಮಾಡಿ ಪ್ರೆಸ್ಸಿಗೆ ಕೊಡೂದು ನನ್ನ ಕೆಲಸ. ಒಂದು ಪತ್ರಿಕೆ ತೆರೀಲಿಕ್ಕೆ ಕಾಲು ಗಂಟೆ ಹಿಡೀತದೆ. ಇನ್ನೆರಡು ಸಲ ತಡ ಆದ್ರೆ ಬೇರೆಯವರಿಗೆ ಕೊಡ್ತೇವೆ ಅಂತ ಪ್ರೆಸ್ಸಿನವರು ಹೇಳಿದ್ದಾರೆ. ನೀವೇ ಬನ್ನಿ. ಆದರೆ ಮಧ್ಯಾಹ್ನ ಬೇಗ ಬನ್ನಿ. ನಾಲ್ಕು ಗಂಟೆಯೊಳಗೆ ಮುಗೀಬೇಕು.”

“ನಾಲ್ಕಕ್ಕೆ ಎಂತ ಉಂಟು?”

“ಬಂದ ಮೇಲೆ ಗೊತ್ತಾಗ್ತದೆ” ಎಂದು ಫೋನು ಇಟ್ಟಳು.

ರಾಮಾನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ನಾನೇ ಹೋದದ್ದು ದುಃಖ ವಿಚಾರಿಸಲಿಕ್ಕೆ ಎಂದು ಹೇಳಿದರೆ ನೀವು ನಂಬಬಹುದು. ಚೀಲದಲ್ಲಿ ಒಂದು ಹೊಸ ಹಾರ್ಡ್ ಡಿಸ್ಕ್ ಕೂಡ ಇತ್ತು.

ವಿಕಾಸನ ಮನೆ ಹೊಳೆಗೆ ಮುಖ ಮಾಡಿದೆ. ಮುಂಗೋಣೆಯ ಮೇಜಿನ ಮೇಲೆ ಪರದೆ, ಮೇಜಿನ ಕೆಳಗೆ ನೆಲದ ಮೇಲೆ ಡಬ್ಬಿ. ಅದಕ್ಕೆ ಎದುರಾಗಿ ಪ್ಲಾಸ್ಟಿಕ್ಕಿನ ಕೆಂಪು ಕುರ್ಚಿ. ವಿಕಾಸನ ತಾಯಿ ಗೋದಾವರಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ನಮ್ಮನ್ನು ಮಾತಾಡಿಸುವಷ್ಟು ಮಾತಾಡಿಸಿದರು. ಕಣ್ಣು ಮಾತ್ರ ಡಬ್ಬಿಯ ಮೇಲೆಯೇ ಇತ್ತು. ಆಸ್ಪತ್ರೆಯಲ್ಲಿ ಮಗುವನ್ನು ಡಾಕ್ಟರರ ಕೈಗೆ ಕೊಟ್ಟ ತಾಯಂದಿರು ಹಾಗೆ ನಿಲ್ಲುತ್ತಾರೆ.

ಅಮಿತಾ ಒಂದು ಪತ್ರಿಕೆಯನ್ನು ತೆರೆಯಲು ಒತ್ತಿದಳು. ನಾವು ಮೂವರೂ ಚಹಾ ಕುಡಿದು ಮುಗಿಸಿದೆವು. ಗಣಪತಿಯ ಚಿತ್ರದ ಕಿರೀಟವಷ್ಟೇ ಪರದೆಯ ಮೇಲೆ ಮೂಡಿತ್ತು.

ರಾಮಾ ನೆಲದ ಮೇಲೆ ಕೂತು ಡಬ್ಬಿಯ ಪಕ್ಕದ ತಗಡು ಬಿಚ್ಚಿದ. ಸ್ಕ್ರೂಡ್ರೈವರಿನ ಮೊನೆಯನ್ನು ಡಿಸ್ಕಿಗೆ ತಾಗಿಸಿ ಕಿವಿ ಕೊಟ್ಟ.

“ಡಿಸ್ಕಿಗೆ ಎಂತದೂ ಆಗ್ಲಿಲ್ಲ” ಎಂದ, ಕಣ್ಣು ಮುಚ್ಚಿಕೊಂಡೇ. “ಸಾಯೂ ಡಿಸ್ಕು ಟಕ್ ಟಕ್ ಅಂತ ತಲೆ ಹೊಡ್ಕಂತದೆ. ಇದು ಹಾಗಲ್ಲ. ಒಂದು ಮಾತು ಹೇಳ್ತದೆ, ಉತ್ತರಕ್ಕೆ ಕಾಯ್ತದೆ, ಮತ್ತೆ ಅದೇ ಮಾತು ಹೇಳ್ತದೆ. ಎದುರಿದ್ದವಂಗೆ ಕೇಳ್ತಿಲ್ಲ ಅಂದಂಗೆ.”

ನಂತರ ಒಳಗೆ ಕೈ ಹಾಕಿದ. ಹೊರಗೆ ತೆಗೆದಾಗ ಬೆರಳುಗಳು ಬೆಳ್ಳಗಾಗಿದ್ದವು. ಮೂಸಿ ನೋಡಿದ.

“ಆಯಿ, ಇದು ಅಗರಬತ್ತಿ ಬೂದಿ ಅಲ್ಲ. ಒಲೆ ಬೂದಿ. ಜರಡಿ ಹಿಡಿದದ್ದು. ಇದು ಇಲ್ಲಿಗೆ ಹೇಗೆ ಬಂತು?”

ಅಮಿತಾ ತಲೆ ತಗ್ಗಿಸಿದಳು. ಗೋದಾವರಿ ಹೇಳಿದರು.

ವಿಕಾಸ ದಿನವೂ ಪಾಳಿ ಮುಗಿಸಿ ನಾಲ್ಕರ ಬಸ್ಸಿಗೆ ಇಳಿಯುತ್ತಿದ್ದ. ಕೈಕಾಲು ತೊಳೆದು ನಾಲ್ಕು ಹತ್ತಕ್ಕೆ ಈ ಕುರ್ಚಿಯಲ್ಲಿ ಕೂರುತ್ತಿದ್ದ. ದೀಪ ಹಚ್ಚುವ ಹೊತ್ತಿನವರೆಗೆ ಏಳುತ್ತಿರಲಿಲ್ಲ. ಅವನು ಹೋದ ದಿನ ಕಂಪ್ಯೂಟರ್ ಚಾಲೂ ಇತ್ತು. ನಾಲ್ಕು ಹತ್ತಕ್ಕೆ, ಯಾರೂ ಮುಟ್ಟದೆ, ಡಬ್ಬಿಯ ಮುಖದ, ಡಿಸ್ಕು ಕೆಲಸ ಮಾಡುವಾಗ ಉರಿಯುವ ಕೆಂಪು ದೀಪ ಮಿಣುಕತೊಡಗಿತು. ಫ್ಯಾಕ್ಟರಿಯಿಂದ ಫೋನು ಬಂದದ್ದು ನಾಲ್ಕೂವರೆಗೆ. ಸತ್ತವರ ಮನೆಯಲ್ಲಿ ಹಚ್ಚಿದ ದೀಪವನ್ನು ಹನ್ನೊಂದು ದಿನ ಆರಗೊಡುವುದಿಲ್ಲವಲ್ಲ, ಹಾಗೆಯೇ ಈ ದೀಪವನ್ನೂ ಆರಿಸಬಾರದೆಂದು ಗೋದಾವರಿ ಹಟ ಹಿಡಿದರು. ಹನ್ನೊಂದು ದಿನ ಕಂಪ್ಯೂಟರ್ ಬಂದ್ ಆಗಲಿಲ್ಲ. ಹತ್ತನೆಯ ದಿನದ ಸಂಜೆ, ಅವನು ಕೂರುತ್ತಿದ್ದ ಜಾಗವೆಂದು ಕುರ್ಚಿ ಸರಿಸಿ, ಇಲ್ಲಿಯೇ ನೆಲಕ್ಕೆ ಬೂದಿ ಹರಡಿ ಬಾಗಿಲು ಮುಚ್ಚಿದರು. ಹೋದವನು ಯಾವ ರೂಪದಲ್ಲಿ ಬಂದು ಹೋದನೆಂಬುದು ಬೆಳಿಗ್ಗೆ ಬೂದಿಯ ಮೇಲಿನ ಗುರುತಿನಲ್ಲಿ ಕಾಣಬೇಕು.

“ಎಂತ ಕಂಡಿತು?” ಎಂದು ಕೇಳಿದೆ.

“ಹೆಜ್ಜೆ ಇರ್ಲಿಲ್ಲ. ಹೊಳೆಯ ಭರತದ ನೀರು ಇಳಿದ ಮೇಲೆ ಮಳಲಿನ ಮೇಲೆ ಗೆರೆ ಬೀಳ್ತದಲ್ಲ, ಹಾಗೆ. ಕುರ್ಚಿ ಜಾಗದಿಂದ ಈ ಡಬ್ಬಿವರೆಗೆ.”

ರಾಮಾ ನನ್ನ ಮುಖ ನೋಡಿದ. ಡಬ್ಬಿಯ ಫ್ಯಾನು ಬೂದಿಯನ್ನು ಒಳಗೆ ಎಳೆದುಕೊಂಡರೆ ನೆಲದ ಮೇಲೆ ಅಂಥದೇ ಗೆರೆ ಬೀಳುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಇಬ್ಬರೂ ಹೇಳಲಿಲ್ಲ.

ಅವನು ಕೆಲಸಕ್ಕೆ ಕೂತ. ಒಲೆ ಬೂದಿ, ಮೇಲೆ ಹೊಳೆಯ ಉಪ್ಪುಗಾಳಿ, ಮಳೆಗಾಲದ ತೇವ. ಡಿಸ್ಕಿನಿಂದ ಬೋರ್ಡಿಗೆ ಹೋಗುವ ಪಟ್ಟಿಯಂಥ ಕೇಬಲ್ಲಿನ ತುದಿಗಳು ಸುಣ್ಣ ಹಚ್ಚಿದಂತೆ ಬೆಳ್ಳಗಾಗಿದ್ದವು. ಅಲ್ಲಿ ಮಾತು ತಪ್ಪಿ ತಪ್ಪಿ, ಕೊನೆಗೆ ವಿಂಡೋಸು ತಾನೇ ‘ಇನ್ನು ಮೇಲೆ ನಿಧಾನಕ್ಕೆ ಹೇಳು’ ಎಂದು ಡಿಸ್ಕನ್ನು ತೀರ ಹಳೆಯ ಕಾಲದ ನಡಿಗೆಗೆ ಇಳಿಸಿತ್ತು. ರಾಮಾ ಬೂದಿಯನ್ನು ಬ್ರಶ್ಶಿನಿಂದ ಕೆರೆದು ಕಾಗದದ ಮೇಲೆ ಒಟ್ಟು ಮಾಡಿದ. ಗೋದಾವರಿ ಬಂದು ಆ ಕಾಗದವನ್ನು ಮಡಚಿ ಒಳಗೆ ಒಯ್ದರು. ಅವನು ಕೇಬಲ್ಲು ಬದಲಿಸಿದ, ಡಿಸ್ಕಿನ ದಾರಿಯನ್ನು ವಿಂಡೋಸಿನಲ್ಲಿ ಅಳಿಸಿ ಹೊಸದಾಗಿ ಗುರುತಿಸುವಂತೆ ಮಾಡಿ, ಮತ್ತೆ ಚಾಲೂ ಮಾಡಿದ.

ಅಮಿತಾ ಪತ್ರಿಕೆಯ ಮೇಲೆ ಒತ್ತಿದಳು. ಗಣಪತಿ ಕಿರೀಟದಿಂದ ಇಲಿಯವರೆಗೆ ಒಂದೇ ಕ್ಷಣಕ್ಕೆ ಬಂದು ಕೂತ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅಷ್ಟು ತಿಂಗಳ ಮೇಲೆ ಮೊದಲ ನಗುವೇನೋ, ಅತ್ತೆಯ ಕಡೆ ಒಮ್ಮೆ ನೋಡಿ ಬಾಯಿ ಮುಚ್ಚಿಕೊಂಡಳು.

ಗೋಡೆಯ ಗಡಿಯಾರದಲ್ಲಿ ಮೂರೂ ಐವತ್ತೈದು. ಗೋದಾವರಿ ಒದ್ದೆ ಬಟ್ಟೆ ತಂದು ಕುರ್ಚಿ ಒರೆಸಿದರು. ಸ್ಟೀಲಿನ ಲೋಟದಲ್ಲಿ ಚಹಾ ತಂದು ಪರದೆಯ ಪಕ್ಕದಲ್ಲಿಟ್ಟರು.

“ಏಳು ಅಮಿತಾ.”

“ಆಯಿ, ಇವತ್ತೊಂದು ದಿನ... ಮೂರು ಗಂಟೆ ಬಸ್ಸಿಗೆ ಪ್ರೆಸ್ಸಿನಿಂದ ಚೀಟಿ ಬರ್ತದೆ, ಆರೂವರೆ ಬಸ್ಸಿಗೆ ನಾ ಟೈಪು ಮಾಡಿದ್ದು ಹೋಗಬೇಕು. ಕೂತು ಮಾಡೂಕೆ ನಂಗೆ ಇದೇ ಹೊತ್ತು.”

“ಅಂವ ಬಂದ್ರೆ ಎಲ್ಲಿ ಕೂರೂದು?”

ಆಗ ವಿಷಯ ತಿಳಿಯಿತು. ಕೆಂಪು ದೀಪ ಈಗಲೂ ದಿನಕ್ಕೊಮ್ಮೆ ನಾಲ್ಕು ಹತ್ತಕ್ಕೆ ತಾನಾಗಿ ಮಿಣುಕುತ್ತದೆ, ದೀಪ ಹಚ್ಚುವ ಹೊತ್ತಿಗೆ ನಿಲ್ಲುತ್ತದೆ. ಅಷ್ಟು ಹೊತ್ತು ಆ ಕುರ್ಚಿಯಲ್ಲಿ ಯಾರೂ ಕೂರುವಂತಿಲ್ಲ. ಕಂಪ್ಯೂಟರ್ ಎಷ್ಟೇ ಚುರುಕಾದರೂ ಅಮಿತಾಳ ಕೆಲಸ ಉಳಿಯುವುದಿಲ್ಲ. ದೀಪ ನಿಂತುಹೋದರೆ ಗೋದಾವರಿ ಉಳಿಯುವುದು ಕಷ್ಟ.

ರಾಮಾ ಬಹಳ ಮೆತ್ತಗೆ ಹೇಳಿದ: “ಆಯಿ, ಇದ್ರಲ್ಲಿ ಹೆದರೂದು ಎಂತದೂ ಇಲ್ಲ. ದಿನಾ ಇಂಥ ಹೊತ್ತಿಗೆ ವೈರಸ್ಸು ಹುಡುಕು ಅಂತ ಟೈಮು ಕೊಟ್ಟಿಡ್ಲಿಕ್ಕೆ ಬತ್ತದೆ. ವಿಕಾಸಣ್ಣ ನಾಕು ಹತ್ತು ಅಂತ ಇಟ್ಟಿರ್ಬೇಕು. ಅಲಾರಮ್ಮಿನ ಹಾಗೆ. ತೋರಿಸ್ತೆ ನೋಡಿ.”

ಅವನು ಬಗ್ಗಿ ಪರದೆಯ ಮೂಲೆ ನೋಡಿದ. ಹಾಗೆಯೇ ನಿಂತುಬಿಟ್ಟ.

ಪರದೆಯ ಗಡಿಯಾರದಲ್ಲಿ ಆಗ ನಡುರಾತ್ರಿ ಹನ್ನೆರಡೂ ಇಪ್ಪತ್ತು. ತಾರೀಕು 2002ರ ಜನವರಿ ಒಂದು.

“ಅಮಿತಕ್ಕಾ, ಚಾಲೂ ಮಾಡುವಾಗ ದಿನಾ ಕಪ್ಪು ಪರದೆ ಮೇಲೆ ಎಂತದೋ ಬರೆದು ಬತ್ತದಾ?”

“ಹೌದು. ಎಫ್ ಒನ್ ಒತ್ತು ಅಂತದೆ. ನಾ ಒತ್ತುತ್ತೆ. ಮಳೆಗಾಲದಿಂದ ಹಾಗೇ.”

ಬೋರ್ಡಿನ ಮೇಲೆ ಬಿಲ್ಲೆಯಂಥ ಒಂದು ಬ್ಯಾಟರಿ ಇರುತ್ತದೆ. ಕರೆಂಟು ಇಲ್ಲದಾಗಲೂ ಗಡಿಯಾರ ನಡೆಸುವುದು ಅದು. ಅದು ಸತ್ತು ಐದು ತಿಂಗಳಾಗಿತ್ತು. ಈ ಕಂಪ್ಯೂಟರ್ ಎಚ್ಚರಾದಾಗಲೆಲ್ಲ ಅದಕ್ಕೆ ಹೊಸ ವರ್ಷದ ನಡುರಾತ್ರಿ. ಅಮಿತಾ ಒಂದು ದಿನ ಒಂಬತ್ತಕ್ಕೆ ಚಾಲೂ ಮಾಡುತ್ತಿದ್ದಳು, ಒಂದು ದಿನ ಹನ್ನೊಂದಕ್ಕೆ. ನಿಜವಾದ ನಾಲ್ಕು ಹತ್ತು ಯಾವಾಗ ಎಂದು ಈ ಯಂತ್ರಕ್ಕೆ ಗೊತ್ತಾಗಲು ಯಾವ ದಾರಿಯೂ ಇರಲಿಲ್ಲ.

ಆದರೂ ರಾಮಾ ಟೈಮು ಕೊಟ್ಟಿಡುವ ಪಟ್ಟಿ ತೆರೆದು ನೋಡಿದ. ಖಾಲಿ ಇತ್ತು.

ಅವನು ಮೌಸಿನಿಂದ ಕೈ ತೆಗೆದ. ಹೊಳೆಯ ಆಚೆ ಯಾವುದೋ ದೋಣಿಯವನು ಯಾರನ್ನೋ ಕೂಗಿದ. ಮನೆ ಮುಂದಿನ ರಸ್ತೆಯಲ್ಲಿ ಬಸ್ಸು ನಿಂತು, ಯಾರೂ ಇಳಿದಂತೆ ಕಾಣದೆ, ಮುಂದೆ ಹೋಯಿತು. ನಾನು ಗೋಡೆಯ ಗಡಿಯಾರವನ್ನು ನೋಡುವುದಿಲ್ಲವೆಂದು ನಿರ್ಧರಿಸಿ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದೆ.

ನಾಲ್ಕು ಹತ್ತು.

ಕೆಂಪು ದೀಪ ಒಮ್ಮೆ ಮಿಣುಕಿತು. ಮತ್ತೊಮ್ಮೆ. ಆಮೇಲೆ ಬಿಡದೆ. ಲೋಟದ ಚಹಾದ ಮೇಲೆ ಕೆನೆ ಸಣ್ಣಗೆ ನಡುಗಿತು. ಡಿಸ್ಕು ತಿರುಗುವ ಮೇಜಿನ ಮೇಲೆ ಇಟ್ಟ ಚಹಾ ನಡುಗಲೇಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಡಬ್ಬಿ ಇದ್ದದ್ದು ಮೇಜಿನ ಮೇಲಲ್ಲ, ನೆಲದ ಮೇಲೆ ಎಂಬುದು ನೆನಪಾದದ್ದು ಸ್ಕೂಟರಿನಲ್ಲಿ ವಾಪಸು ಬರುವಾಗ.

ರಾಮಾ ನೆಲಕ್ಕೆ ಕೂತು ಸ್ಕ್ರೂಡ್ರೈವರ್ ಹಿಡಿದ. ಎಷ್ಟೋ ಹೊತ್ತು ಕೇಳಿದ. ಅವನ ಮುಖ ನಾನು ನೋಡಿದ ಬೇರೆ ಯಾವ ರಿಪೇರಿಯಲ್ಲೂ ಹಾಗಿರಲಿಲ್ಲ. ಕೊನೆಗೆ ಹಿಡಿಯನ್ನು ಕಿವಿಯಿಂದ ತೆಗೆದು, ಕೈಯಿಂದ ಕಿವಿಯನ್ನು ಒರೆಸಿಕೊಂಡ.

“ಎಂತ ಹೇಳ್ತದೆ ಪುತಾ?” ಎಂದರು ಗೋದಾವರಿ. ಮಗನನ್ನು ಕರೆಯುವ ಕೊಂಕಣಿ ಮಾತು ಅದು.

“ದಣಿವಿಲ್ಲ ಆಯಿ” ಎಂದ. ಅಷ್ಟೇ.

ಇಂಥ ಹೊತ್ತಿನಲ್ಲಿ ವ್ಯಾಪಾರಿಯಾದವನು ಸುಮ್ಮನಿರಬಾರದು. ನಾನು ಗಂಟಲು ಸರಿಮಾಡಿಕೊಂಡು, ಚೀಲದಿಂದ ಹೊಸ ಡಿಸ್ಕು ತೆಗೆದೆ. “ಒಂದು ಉಪಾಯ ಉಂಟು. ಇದನ್ನು ಹಾಕುವಾ. ವಿಕಾಸನ ಫೋಟೋ, ಪತ್ರಿಕೆ ಎಲ್ಲ ಇದಕ್ಕೆ ಇಳಿಸಿಕೊಡ್ತಾನೆ ರಾಮಾ. ಅಮಿತಾಗೆ ಕುರ್ಚಿ ಸಿಗ್ತದೆ. ಹಳೇ ಡಿಸ್ಕು ಎಕ್ಸ್‌ಚೇಂಜಿಗೆ ನಾನೇ ತಗೊಳ್ತೇನೆ.”

“ತಗೊಂಡು ಎಂತ ಮಾಡ್ತೀರಿ?” ಗೋದಾವರಿ ಕೇಳಿದರು.

ಗುಜರಿಯವನಿಗೆ ತೂಕಕ್ಕೆ ಕೊಡುತ್ತೇನೆ ಎಂಬ ನಿಜ ನಾಲಿಗೆಯ ತುದಿಗೆ ಬಂದಿತ್ತು. ಆ ಮುದುಕಿಯ ಮುಖ ನೋಡಿ ಅಲ್ಲಿಯೇ ನಿಂತಿತು.

“ನಾ ಇಟ್ಕಂತೆ” ಎಂದ ರಾಮಾ. “ನನ್ನ ಮೇಜಿನ ಮೇಲೆ. ದಿನಾ ನಾಕು ಹತ್ತಕ್ಕೆ ಕರೆಂಟು ಕೊಡ್ತೆ. ದೀಪ ಹಚ್ಚೂ ಹೊತ್ತಿಗೆ ತೆಗೀತೆ. ಒಂದು ದಿನ ತಪ್ಪಿಸೂದಿಲ್ಲ.”

ಕೇಳಬೇಕಾದವರನ್ನು ಕೇಳದೆ ಆ ಮನೆಯಲ್ಲಿ ಬಾವಿಯ ಹಗ್ಗವೂ ಬದಲಾಗುವುದಿಲ್ಲ. ಮರುದಿನ ಬೆಳಿಗ್ಗೆ ಗೋದಾವರಿ ದೇವಸ್ಥಾನಕ್ಕೆ ಹೋಗಿ ದೇವರ ಮೈಗೆ ಹೂವಿನ ಎಸಳು ಅಂಟಿಸಿ ಕೌಲು ಕೇಳಿಸಿದರು. ಬಲದ ಎಸಳು ಬಿದ್ದರೆ ಆಗಬಹುದು, ಎಡದ್ದಾದರೆ ಕೂಡದು. ಹನ್ನೊಂದಕ್ಕೆ ಅಮಿತಾ ಫೋನು ಮಾಡಿದಳು: “ಬಲಕ್ಕೆ ಬಿತ್ತು. ಬನ್ನಿ.”

ಅದೇ ವಾರ ಹೋಗಿ ಕೆಲಸ ಮುಗಿಸಿದೆವು. ಗೋದಾವರಿ ಹಳೆಯ ಡಿಸ್ಕನ್ನು ವಿಕಾಸನ ಕರವಸ್ತ್ರದಲ್ಲಿ ಸುತ್ತಿ, ಮೇಲೊಂದು ಅಬ್ಬಲಿಗೆ ಹೂವಿಟ್ಟು, ರಾಮಾನ ಎರಡೂ ಕೈಗೆ ಕೊಟ್ಟರು. ಪರವೂರಿಗೆ ಕೆಲಸಕ್ಕೆ ಹೋಗುವವನಿಗೆ ಹೇಳುವಂತೆ ಸೂಚನೆಗಳು ಬಂದವು: ಚಹಾಕ್ಕೆ ಸಕ್ಕರೆ ಕಮ್ಮಿ, ಗಾಳಿ ಬರುವ ಕಡೆ ಇಡು, ಯಾರೂ ಬಯ್ಯಬಾರದು. ಬಯ್ಯಬಾರದು ಎನ್ನುವಾಗ ನನ್ನ ಕಡೆ ನೋಡಿದ್ದು ನನಗೆ ಸರಿಕಾಣಲಿಲ್ಲ.

ಅಂದಿನಿಂದ ನನ್ನ ಅಂಗಡಿಯಲ್ಲಿ ಒಂದು ಪದ್ಧತಿ ಶುರುವಾಯಿತು. ನಾಲ್ಕು ಹತ್ತಕ್ಕೆ ರಾಮಾ ಎಂಥ ಕೆಲಸವಿದ್ದರೂ ಬಿಟ್ಟು, ಮೇಜಿನ ಮೇಲಿನ ಆ ಡಿಸ್ಕಿಗೆ ಕರೆಂಟು ಕೊಡುತ್ತಿದ್ದ. ಕಿವಿ ಹಚ್ಚಿ ಕೇಳುತ್ತಿದ್ದ. ನಾಲ್ಕೂಕಾಲಿಗೆ ನನ್ನ ಕೌಂಟರಿನ ಫೋನು ಬಾರಿಸುತ್ತಿತ್ತು.

“ಬಂದನಾ ಪುತಾ?”

“ಬಂದ ಆಯಿ.”

ಇಷ್ಟೇ ಮಾತು. ಕಿನ್ನರದಿಂದ ಬರುವ ಅವರ ದುಡ್ಡಿನ ಫೋನು, ನನಗೇನು ಕಷ್ಟ ಎಂದು ಸುಮ್ಮನಿದ್ದೆ. ಅಮಿತಾಳ ಕೆಲಸ ಉಳಿಯಿತು, ಬೆಳೆಯಿತು. ಹಬ್ಬುವಾಡದ ಇನ್ನೊಂದು ಪ್ರೆಸ್ಸೂ ಅವಳಿಗೇ ಕೊಡತೊಡಗಿತು.

ದುರ್ಗಿ ಮಾತ್ರ ಬಿಡಲಿಲ್ಲ. “ಸ್ವಂತ ಮಕ್ಕಳು ಶಾಲೆಯಿಂದ ಬಂದ್ರೋ ಇಲ್ವೋ ಇವಂಗೆ ಗೊತ್ತಿಲ್ಲ. ಯಾರದೋ ಮಗ ಬಂದದ್ದು ದಿನಾ ನೋಡ್ತಾ ಕೂರ್ತಾನೆ!”

ಒಮ್ಮೆ, ಅಂಗಡಿ ಖಾಲಿ ಇದ್ದಾಗ, ನಾನೂ ಕೇಳಿದೆ. “ಖರೆ ಹೇಳೋ. ಅದರಲ್ಲಿ ಎಂತ ಕೇಳ್ತದೆ?”

“ಬೋಟು ದಡಕ್ಕೆ ಬರುವಾಗ ಸ್ವಲ್ಪ ದೂರ ಇರುವಾಗ್ಲೇ ಇಂಜಿನ್ ಬಂದ್ ಮಾಡ್ತೇವೆ ಶೇಟ್ರೆ. ಆಮೇಲೆ ಬೋಟು ತಾನಾಗೇ ಜಾರ್ತಾ ಬತ್ತದೆ. ಇಂಜಿನ್ ಸದ್ದು ಇಲ್ಲ. ಆದ್ರೂ ಬತ್ತಾ ಉಂಟು ಅಂತ ಕಾಲಿಗೆ ಗೊತ್ತಾಗ್ತದೆ.” ರಾಮಾ ಸ್ಕ್ರೂಡ್ರೈವರ್ ಕೆಳಗಿಟ್ಟ. “ಡಿಸ್ಕಿನ ಸದ್ದು ಡಿಸ್ಕಿನದೇ. ಅದರ ಕೆಳಗೆ ಆ ಜಾರ್ತಾ ಬರೂದು ಉಂಟು.”

“ಸೊಂಟದ ಜೊತೆ ತಲೆಯನ್ನೂ ಡಾಕ್ಟರಿಗೆ ತೋರಿಸು” ಎಂದು ನಕ್ಕೆ. ಅವನೂ ನಕ್ಕ.

2008ರ ಏಪ್ರಿಲ್. ರಾಮಾನ ಹಳೆಯ ಬೋಟಿನ ಯಜಮಾನ ಬೈತಖೋಲ ಬಂದರಿನಿಂದ ಹೇಳಿ ಕಳಿಸಿದ. ಇಂಜಿನ್ ಯಾರ ಕೈಗೂ ಬಗ್ಗುತ್ತಿಲ್ಲ, ಬಂದು ಕಿವಿ ಕೊಡು ಎಂದು. ಹೋಗುವ ಮೊದಲು ರಾಮಾ ಡಿಸ್ಕಿನ ತಂತಿ ಜೋಡಿಸಿ, ಗುಂಡಿ ತೋರಿಸಿದ.

“ನಾಕು ಹತ್ತಕ್ಕೆ ಇದು ಒತ್ತಿ ಸಾಕು ಶೇಟ್ರೆ. ಫೋನು ಬಂದ್ರೆ ಒಂದು ಮಾತು ಹೇಳಿ.”

“ಒಂದು ದಿನ ತಪ್ಪಿದ್ರೆ ಎಂತ ಆಗ್ತದೆ?”

“ಮಾತು ಕೊಟ್ಟಾಗಿದೆ” ಎಂದ. ಬೋಟಿನಲ್ಲಿ ಬೇರೆ ಸಿಗುತ್ತದೆಂದು ಸ್ಕ್ರೂಡ್ರೈವರನ್ನು ಮೇಜಿನ ಮೇಲೆಯೇ ಬಿಟ್ಟು ಹೋದ.

ನಾಲ್ಕು ಗಂಟೆಗೆ ಕರೆಂಟು ಹೋಯಿತು.

ನನ್ನ ಅಂಗಡಿಯಲ್ಲಿ ಯಾವಾಗಲೂ ಹತ್ತು ಫ್ಯಾನು ತಿರುಗುತ್ತಿರುತ್ತವೆ, ನಾಲ್ಕು ಟಿವಿ ಒಟ್ಟಿಗೆ ಒದರುತ್ತಿರುತ್ತವೆ. ಎಲ್ಲವೂ ಒಮ್ಮೆಗೇ ನಿಂತಾಗ ಅಂಗಡಿ ನನ್ನದಲ್ಲವೆನ್ನಿಸಿತು. ಹತ್ತು ನಿಮಿಷ ಹೋಯಿತು. ಕರೆಂಟು ಬರಲಿಲ್ಲ. ನಾನು ಹಿಂದೆ ಹೋಗಿ ನಿಂತೆ. ಗುಂಡಿ ಒತ್ತಿದೆ. ಏನೂ ಆಗಲಿಲ್ಲ, ಆಗುವುದಾದರೂ ಹೇಗೆ? ಮುದುಕಿಗೆ ಇದ್ದದ್ದನ್ನೇ ಹೇಳಿಬಿಡುವುದು, ಕರೆಂಟು ಇಲ್ಲ ತಾಯಿ, ಇವತ್ತಿಲ್ಲ ಎಂದು ನಿರ್ಧರಿಸಿದೆ. ಒಂದೂವರೆ ವರ್ಷದ ಈ ಆಟಕ್ಕೆ ಕರೆಂಟು ಕಂಪನಿಯೇ ಮುಕ್ತಾಯ ಹಾಡಿದರೆ ತಪ್ಪು ನನ್ನದಲ್ಲವಲ್ಲ.

ಹೊತ್ತು ಹೋಗಲೆಂದು ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡೆ. ಮೊನೆಯನ್ನು ಡಿಸ್ಕಿಗೆ ತಾಗಿಸಿದೆ. ರಾಮಾನನ್ನು ಅಣಕಿಸುವಂತೆ ಕಣ್ಣು ಮುಚ್ಚಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡೆ.

ನಾನು ಬೋಟು ಹತ್ತಿದವನಲ್ಲ. ದಡಕ್ಕೆ ಜಾರುವ ಬೋಟಿನ ಸದ್ದು ಹೇಗಿರುತ್ತದೆಂದು ನನಗೆ ಗೊತ್ತಿಲ್ಲ. ಆದರೆ ಕಾಲಿನ ಕೆಳಗಿನ ನೆಲ ಅಂಕೋಲೆಯ ಪೇಟೆಯದಲ್ಲ, ಅದು ಎಲ್ಲಿಗೋ ಮೆಲ್ಲಗೆ ಬರುತ್ತಿದೆ ಎಂದು ಕಾಲಿಗೆ ತಿಳಿಯಿತು. ಕಣ್ಣು ತೆರೆಯಲು ಧೈರ್ಯವಾಗಲಿಲ್ಲ.

ಫೋನು ಬಾರಿಸಿತು. ಎಷ್ಟನೆಯ ಸದ್ದಿಗೆ ಎತ್ತಿದೆನೋ.

“ಬಂದನಾ ಪುತಾ?”

“ಬಂದ ಆಯಿ” ಎಂದೆ.

“ರಾಮಾ ಅಲ್ಲ ನೀವು. ಯಾರು?”

“ನಾನು ಶೇಟ್. ರಾಮಾ ಇವತ್ತು ಇಲ್ಲ.”

“ಹಾಗಾದ್ರೆ ಬಂದದ್ದು ಖರೆ” ಎಂದರು ಗೋದಾವರಿ. ದನಿಯಲ್ಲಿ ನಗುವಿತ್ತು. “ರಾಮಾ ಒಳ್ಳೆಯವ. ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ತಾನೋ ಅಂತ ಒಂದೂವರೆ ವರ್ಷ ಸಂಶಯ ಇತ್ತು ನಂಗೆ. ನಿಮ್ಮ ವಿಷಯ ವಿಕಾಸ ಹೇಳಿದ್ದಾನೆ. ಶೇಟ್ರು ಪುಕ್ಕಟೆಗೆ ಎಂತದೂ ಕೊಡೂದಿಲ್ಲ. ಸುಳ್ಳನ್ನೂ.”

ಮರುದಿನದಿಂದ ನಾಲ್ಕೂಕಾಲಿಗೆ ಫೋನು ಬರುವುದು ನಿಂತಿತು. ವಿಚಾರಿಸಿದರೆ, ಗೋದಾವರಿ ಆರಾಮಾಗಿದ್ದಾರೆ, ಸಂಜೆ ಹೊತ್ತು ಆ ಕೆಂಪು ಕುರ್ಚಿಯಲ್ಲೇ ಕೂತು ಅಮಿತಾಳಿಗೆ ಹೆಸರುಗಳನ್ನು ಓದಿ ಹೇಳುತ್ತಾರೆ ಎಂದು ತಿಳಿಯಿತು. ಅಮಿತಾ ತನಗೆ ಬೇರೆ ಕುರ್ಚಿ ತಂದುಕೊಂಡಿದ್ದಾಳಂತೆ. ರಾಮಾ ಆದರೂ ನಾಲ್ಕು ಹತ್ತಕ್ಕೆ ಗುಂಡಿ ಒತ್ತುವುದನ್ನು ಬಿಟ್ಟಿಲ್ಲ. ಅಂದು ನಾನೇನು ಕೇಳಿದೆನೆಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಹೋದ ಗಣೇಶ ಚೌತಿಗೆ ಅಮಿತಾಳ ಹೆಸರಿಗೆ ಬಸ್ಸಿನಲ್ಲಿ ಒಂದು ಪೊಟ್ಟಣ ಕಳಿಸಿದೆ. ಮೌಸ್ ಪ್ಯಾಡು. ಬಿಲ್ಲಿನ ಚೀಟಿ ಹಚ್ಚಲಿಲ್ಲ.